ಮಡಚುವ ದಪ್ಪ ಟೈರಿನ ಇ-ಸೈಕಲ್: ಹವಾ, ಭಾರ, ವ್ಯಾಟ್ ಲೆಕ್ಕ

ಬೆಳಗಾವಿಯ ತಿಲಕವಾಡಿಯಲ್ಲೋ ಬಾಗಲಕೋಟೆಯ ನವನಗರದಲ್ಲೋ ಇಂಥದೊಂದು ಗಾಡಿ ನಿಂತರೆ ಸುತ್ತ ನಾಲ್ಕು ಮಂದಿ ಸೇರುತ್ತಾರೆ. ಟೈರು ಮೋಟರ್‌ಸೈಕಲ್ಲಿನಷ್ಟು ದಪ್ಪ, ಆದರೆ ಪೆಡಲ್ ಇದೆ; ಚಾಸಿಯ ನಡುವೆ ಬಾಗಿಲಿಗಿದ್ದಂತೆ ಒಂದು ಕೀಲು. ಕೇಳುವ ಪ್ರಶ್ನೆಗಳೂ ಎಲ್ಲ ಕಡೆ ಅವೇ. “ಲೈಸೆನ್ಸ್ ಬೇಕೇನ್ರಿ?” “ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟು ದೂರ ಹೋಗ್ತೈತಿ?” “ಪಂಚರ್ ಆದ್ರ ಯಾರ್ ತಗೀತಾರ?” ಮೂರನೆಯದು ಅತಿ ಮುಖ್ಯವಾದದ್ದು. ಅಂಗಡಿಯಲ್ಲಿ ದುಡ್ಡು ಕೊಡುವಾಗ ಅದನ್ನೇ ಕೇಳುವವರು ಕಡಿಮೆ.

ಟೈರಿನಲ್ಲಿ ಎಷ್ಟು ಹವಾ, ಗಾಡಿ-ಸವಾರ ಸೇರಿ ಎಷ್ಟು ಭಾರ, ಬ್ಯಾಟರಿಯಲ್ಲಿ ಎಷ್ಟು ವ್ಯಾಟ್-ಅವರ್. ಈ ಮೂರು ಅಂಕಿ ಗೊತ್ತಿದ್ದರೆ ಈ ಸೈಕಲ್ಲಿನ ಮುಕ್ಕಾಲು ಪಾಲು ವಿಷಯ ತಾನಾಗಿ ತಿಳಿಯುತ್ತದೆ.

ಗಾಡಿಯಲ್ಲಿ ಏನೇನಿದೆ

ಚಕ್ರದ ಅಳತೆ ಸಾಮಾನ್ಯವಾಗಿ 20 × 4.0. ಅಂದರೆ 20 ಇಂಚಿನ ವರ್ಗದ ರಿಮ್, 4 ಇಂಚು ಅಗಲದ ಟೈರು. ಟೈರು ಅಷ್ಟು ಎತ್ತರವಿರುವುದರಿಂದ ನೆಲದಿಂದ ಅಳೆದರೆ ಚಕ್ರ 24 ಇಂಚಿನ ಹತ್ತಿರ ಬರುತ್ತದೆ. ಇಂಥ ಟೈರು ಹುಟ್ಟಿದ್ದು ಹಿಮ ಮತ್ತು ಮರಳಿನ ಮೇಲೆ ಓಡಿಸಲು. ಅಮೆರಿಕದ ಸರ್ಲಿ ಕಂಪನಿ 2005ರಲ್ಲಿ ತಂದ ‘ಪಗ್ಸ್‌ಲೀ’ಯಿಂದ ಅದು ಅಂಗಡಿಯಲ್ಲಿ ಸಿಗುವ ಸರಕಾಯಿತು. ಮೋಟರು, ಮಡಿಕೆ ಎರಡೂ ಆಮೇಲೆ ಸೇರಿದವು. ಭಾರತದಲ್ಲಿ ಈ ಮಾದರಿ ಹೆಚ್ಚು ಜನಕ್ಕೆ ಪರಿಚಯವಾದದ್ದು ಪುಣೆಯ ಇಮೋಟೊರಾಡ್ ಕಂಪನಿಯ ‘ಡೂಡಲ್’ ಮೂಲಕ.

ಮೋಟರು ಹಿಂದಿನ ಚಕ್ರದ ಹಬ್ಬಿನೊಳಗೇ ಕೂತಿರುತ್ತದೆ. ಬಹುತೇಕ ಗಾಡಿಗಳಲ್ಲಿ ಅದರೊಳಗೆ ಸಣ್ಣ ನೈಲಾನ್ ಗೇರುಗಳಿರುತ್ತವೆ. ಬ್ಯಾಟರಿಯಿಂದ ಬಂದ ಕರೆಂಟನ್ನು ಅಳೆದು ಮೋಟರಿಗೆ ಬಿಡುವ ಪೆಟ್ಟಿಗೆಗೆ ಕಂಟ್ರೋಲರ್ ಎನ್ನುತ್ತಾರೆ. ಪೆಡಲ್ ತುಳಿಯುತ್ತಿದ್ದೀರೋ ಇಲ್ಲವೋ ಎಂದು ಅದಕ್ಕೆ ತಿಳಿಸುವುದು ಕ್ರ್ಯಾಂಕ್, ಅಂದರೆ ಪೆಡಲ್ ಕೂಡಿಸಿದ ತೋಳಿನ ಹತ್ತಿರದ ಸೆನ್ಸರ್. ಅಗ್ಗದ ಗಾಡಿಯಲ್ಲಿ ಇದು ಪೆಡಲ್ ತಿರುಗುತ್ತಿದೆ ಎಂಬುದನ್ನಷ್ಟೇ ಗುರುತಿಸುತ್ತದೆ. ಹಾಗಾಗಿ ಅರ್ಧ ಸುತ್ತು ತುಳಿದ ಮೇಲೆ ಗಾಡಿ ಒಮ್ಮೆಲೇ ಮುಂದಕ್ಕೆ ಜಗ್ಗುತ್ತದೆ. ದುಬಾರಿಯದರಲ್ಲಿ ಟಾರ್ಕ್ ಸೆನ್ಸರ್ ಇರುತ್ತದೆ. ನೀವು ಎಷ್ಟು ಒತ್ತುತ್ತೀರೋ ಅದಕ್ಕೆ ತಕ್ಕಷ್ಟು ಮೋಟರು ಕೂಡುತ್ತದೆ. ಸಂತೆಯ ಗದ್ದಲದಲ್ಲಿ ನಿಧಾನ ಹೋಗುವಾಗ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ.

ಇಷ್ಟೆಲ್ಲ ಸೇರಿ ಭಾರ 28ರಿಂದ 32 ಕೆ.ಜಿ. ಅಂದರೆ ಹೆಚ್ಚುಕಡಿಮೆ ಒಂದು ತುಂಬಿದ ಅಡುಗೆ ಗ್ಯಾಸ್ ಸಿಲಿಂಡರ್. ‘ಮಡಚುವ ಸೈಕಲ್’ ಎಂದ ಕೂಡಲೇ ಎತ್ತಿಕೊಂಡು ಓಡಾಡಬಹುದು ಎಂದುಕೊಂಡವರು ಈ ಮಾತನ್ನು ಎರಡು ಸಲ ಓದಬೇಕು. ಮಡಿಕೆ ಇರುವುದು ಜಾಗ ಉಳಿಸಲು. ಭಾರ ಒಂದು ತೊಲೆಯೂ ಕಡಿಮೆಯಾಗುವುದಿಲ್ಲ.

ಲೈಸೆನ್ಸ್ ಬೇಕೇ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 2(ಯು) ಇದಕ್ಕೆ ಉತ್ತರ. ಮೋಟರಿನ 30 ನಿಮಿಷದ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ಗಾಡಿಯ ಭಾರ 60 ಕೆ.ಜಿ.ಯೊಳಗೆ, ಸರಿಯಾದ ಬ್ರೇಕು, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ರಿಫ್ಲೆಕ್ಟರ್: ಇಷ್ಟಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಯಾಗಿದ್ದರೆ ಅದು ಮೋಟಾರು ವಾಹನವೇ ಅಲ್ಲ. ನಂಬರ್ ಪ್ಲೇಟು, ಲೈಸೆನ್ಸು, ಕಡ್ಡಾಯ ವಿಮೆ ಯಾವುದೂ ಬೇಡ. ಪುಣೆಯ ಎಆರ್‌ಎಐ ಅಂಥದೊಂದು ಪರೀಕ್ಷಾ ಸಂಸ್ಥೆ. ಸರ್ಟಿಫಿಕೇಟಿನ ಪ್ರತಿಯನ್ನು ಡೀಲರ್ ಹತ್ತಿರ ಕೇಳಿ ಪಡೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಗೊಂದಲ ಹುಟ್ಟುವುದು ವಿಡಿಯೊಗಳಿಂದ. ಅಮೆರಿಕದಲ್ಲಿ 750 ವ್ಯಾಟ್‌ಗಿಂತ ಕಡಿಮೆ ಮೋಟರಿದ್ದರೂ ಕೇಂದ್ರ ಕಾನೂನು ಅದನ್ನು ಸೈಕಲ್ ಎಂದೇ ಎಣಿಸುತ್ತದೆ. ಅಲ್ಲಿನವರು ಸಮುದ್ರ ದಂಡೆಯ ಮೇಲೆ ಹಾರಿಸಿಕೊಂಡು ಹೋಗುವ ಗಾಡಿ ಬಹುಪಾಲು ಆ ವರ್ಗದ್ದು. ಅದೇ ಗಾಡಿ ಇಲ್ಲಿ ನೋಂದಣಿ ಬೇಡುವ ಮೋಟಾರು ವಾಹನ. ಪರೀಕ್ಷೆಯೇ ಆಗದ ಆಮದು ಮಾಲಾದರೆ ನೋಂದಣಿಯೂ ಸಿಗದು. ಡಿಸ್‌ಪ್ಲೇಯ ಸೆಟ್ಟಿಂಗಿನಲ್ಲಿ 25ರ ಮಿತಿ ತೆಗೆದುಹಾಕಿದರೂ ಅಷ್ಟೇ: ಆ ಕ್ಷಣದಿಂದ ನಿಮ್ಮ ಸೈಕಲ್ಲು ಕಾನೂನಿನ ಲೆಕ್ಕದಲ್ಲಿ ಸೈಕಲ್ಲಾಗಿ ಉಳಿಯುವುದಿಲ್ಲ.

ದಪ್ಪ ಟೈರು: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಹವಾದ ಒತ್ತಡದಷ್ಟೇ ಇರುತ್ತದೆ. ಸವಾರ 75 ಕೆ.ಜಿ., ಗಾಡಿ 30 ಕೆ.ಜಿ. ಎಂದಿಟ್ಟುಕೊಳ್ಳಿ, ಒಟ್ಟು 105. ಹವಾ 20 ಪಿಎಸ್‌ಐ ಇದ್ದರೆ ಎರಡೂ ಟೈರು ಸೇರಿ ಸುಮಾರು 75 ಚದರ ಸೆಂ.ಮೀ. ನೆಲ ಮುಟ್ಟುತ್ತವೆ. 10ಕ್ಕೆ ಇಳಿಸಿದರೆ ಅದು 150 ಆಗುತ್ತದೆ. ಅದೇ ಸವಾರ 15 ಕೆ.ಜಿ.ಯ ಸಾದಾ ಸೈಕಲ್ಲಿನಲ್ಲಿ 50 ಪಿಎಸ್‌ಐ ಹೊಡೆಸಿ ಕೂತರೆ ಮುಟ್ಟುವುದು 25 ಚದರ ಸೆಂ.ಮೀ. ಮಾತ್ರ. ಮಲಪ್ರಭೆಯ ದಂಡೆಯ ಮರಳಲ್ಲಿ, ಕಡಿ ಹಾಕಿ ಡಾಂಬರು ಕಾಣದ ರಸ್ತೆಯಲ್ಲಿ, ಹೊಲದ ಚಕ್ಕಡಿ ದಾರಿಯಲ್ಲಿ ಸಾದಾ ಚಕ್ರ ಹುಗಿದುಕೊಳ್ಳುವ ಕಡೆ ಇದು ತೇಲಿದಂತೆ ಹೋಗುವುದರ ಗುಟ್ಟು ಇಷ್ಟೇ.

ಡಾಂಬರಿನ ಮೇಲೆ 20ರಿಂದ 25 ಪಿಎಸ್‌ಐ, ಕಚ್ಚಾ ದಾರಿಗೆ 12ರಿಂದ 15, ಸಡಿಲ ಮರಳಿಗೆ 8ರಿಂದ 10 ಸಾಕು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಗರಿಷ್ಠ ಅಂಕಿ ಬಹುಪಾಲು 20ರಿಂದ 30ರೊಳಗೆ ಇರುತ್ತದೆ, ಅದನ್ನು ದಾಟಬಾರದು. ಪೆಟ್ರೋಲ್ ಬಂಕಿನಲ್ಲಿ ಹುಡುಗ ಕಾರಿನ ಅಂದಾಜಿನಲ್ಲಿ 35 ಹೊಡೆದುಬಿಟ್ಟರೆ ಗಾಡಿ ಚೆಂಡಿನಂತೆ ಪುಟಿಯುತ್ತದೆ, ರಿಮ್ಮಿನಿಂದ ಟೈರು ಕಳಚುವ ಅಪಾಯವೂ ಇದೆ. ಕಡಿಮೆ ಒತ್ತಡ ಅಳೆಯುವ, 0ರಿಂದ 30ರವರೆಗಿನ ಗೇಜ್ ಒಂದು ಮನೆಯಲ್ಲಿರಲಿ. ಇಲ್ಲಿ 3 ಪಿಎಸ್‌ಐ ಹೆಚ್ಚುಕಡಿಮೆಯೂ ಎದ್ದು ಕಾಣುತ್ತದೆ. ಹವಾ ತೀರ ಇಳಿದರೆ ಹ್ಯಾಂಡಲ್ ಭಾರವಾಗಿ ತಿರುವಿನಲ್ಲಿ ಗಾಡಿ ತಾನೇ ಒಳಕ್ಕೆ ವಾಲುತ್ತದೆ. ಹೊಸಬರು ಇದನ್ನು ಹ್ಯಾಂಡಲ್ ಬೇರಿಂಗಿನ ದೋಷ ಎಂದುಕೊಳ್ಳುತ್ತಾರೆ.

ಸೋಲುವ ಜಾಗ ಯಾವುದೆಂದರೆ ನಮ್ಮ ಎರೆ ಮಣ್ಣು. ವಿಜಯಪುರ, ಬಾಗಲಕೋಟೆ ಕಡೆಯ ಕಪ್ಪು ನೆಲಕ್ಕೆ ನಾಲ್ಕು ಹನಿ ಬಿದ್ದ ಮೇಲೆ ದಪ್ಪ ಟೈರು ಉಪಕಾರಕ್ಕಿಂತ ಉಪದ್ರವ ಹೆಚ್ಚು ಮಾಡುತ್ತದೆ. ಆ ಜೇಡಿಗೆ ಅಂಟುವ ಗುಣ. ಅಗಲ ಟೈರಿಗೆ ಅಂಟುವ ಮಣ್ಣೂ ಅಗಲ. ಐವತ್ತು ಹೆಜ್ಜೆ ಹೋಗುವುದರೊಳಗೆ ಮಡ್‌ಗಾರ್ಡಿನ ಸಂದು ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಥ್ರಾಟಲ್ (ಪೆಡಲ್ ತುಳಿಯದೆಯೇ ಮೋಟರು ಓಡಿಸುವ ಹಿಡಿಕೆ) ತಿರುವಿದರೆ ನಿಂತ ಮೋಟರಿಗೆ ಕರೆಂಟು ನುಗ್ಗಿ ಸುರುಳಿ ಕಾಯುತ್ತದೆ, ನೈಲಾನ್ ಗೇರಿನ ಹಲ್ಲು ಸವೆಯುತ್ತದೆ. ಕೆಳಗಿಳಿದು ಕಡ್ಡಿಯಿಂದ ಮಣ್ಣು ಕೆದರುವುದೊಂದೇ ದಾರಿ. ಮನೆಗೆ ಬಂದ ಮೇಲೆ ಬೈಕು ತೊಳೆಯುವ ಪ್ರೆಶರ್ ನೀರಿನ ಕೆಳಗೆ ಹಿಡಿಯಬೇಡಿ. ಆ ರಭಸಕ್ಕೆ ನೀರು ಹಬ್ಬಿನ ಆಕ್ಸಲ್ ಸಂದಿಯಿಂದ ಒಳಗಿಳಿಯುತ್ತದೆ. ಎರೆ ಮಣ್ಣು ಒಣಗಿದರೆ ತಾನೇ ಹಕ್ಕಳೆಯಾಗಿ ಏಳುತ್ತದೆ. ಬಿಸಿಲಿಗಿಟ್ಟು ಬಡಿದು ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಖಾನಾಪುರ ಕಡೆಯ ಕೆಂಪು ನೆಲ ಇಷ್ಟು ಕಾಡುವುದಿಲ್ಲ.

ಜಾಲಿ ಮುಳ್ಳು, ನೆಗ್ಗಿಲು ಮುಳ್ಳು

ಟೈರು ದಪ್ಪ, ಹಾಗಾಗಿ ಪಂಚರ್ ಆಗುವುದಿಲ್ಲ ಎನ್ನುವುದು ಸುಳ್ಳು. ಅಗಲ ಹೆಚ್ಚಿದ್ದಷ್ಟೂ ಮುಳ್ಳು ಹುಡುಕಿಕೊಂಡು ಹೋಗುವ ಜಾಗವೂ ಹೆಚ್ಚು, ರಬ್ಬರಿನ ದಪ್ಪವಂತೂ ಮೋಟರ್‌ಸೈಕಲ್ ಟೈರಿನ ಅರ್ಧವೂ ಇರುವುದಿಲ್ಲ. ರಸ್ತೆಯಂಚಿನ ಬಳ್ಳಾರಿ ಜಾಲಿಯ ಮುಳ್ಳು ನೇರ ಒಳಗೆ ಹೋಗಿ ತುದಿ ಮುರಿದು ಅಲ್ಲೇ ಕೂರುತ್ತದೆ. ಟ್ಯೂಬಿಗೆ ಪ್ಯಾಚ್ ಹಚ್ಚಿ ಟೈರಿನೊಳಗೆ ಕೈಯಾಡಿಸದೆ ಹಾಕಿದರೆ ಮರುದಿನ ಅದೇ ಜಾಗದಲ್ಲಿ ಮತ್ತೆ ತೂತು. ಬರಿಗೈ ಬೇಡ, ಹತ್ತಿ ಅಥವಾ ಹಳೆ ಬನಿಯನ್ ಬಟ್ಟೆಯನ್ನು ಒಳಗೆ ಸುತ್ತ ಎಳೆಯಿರಿ. ಮುಳ್ಳಿನ ತುದಿ ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ.

ಪಂಚರ್ ಅಂಗಡಿಯವರು ಕೈ ಚೆಲ್ಲುವುದು ಹಿಂದಿನ ಚಕ್ರಕ್ಕೆ, ವೈರ್ ಇದೆಯಲ್ಲ ಎಂದು. ಸಣ್ಣ ತೂತಾದರೆ ಚಕ್ರ ಬಿಚ್ಚುವುದೇ ಬೇಡ. ಗಾಡಿಯನ್ನು ಎಡಮಗ್ಗುಲಿಗೆ ಮಲಗಿಸಿ, ಚೈನು-ಗೇರು ಮೇಲೆ ಬರುವ ಹಾಗೆ. ತಲೆಕೆಳಗು ನಿಲ್ಲಿಸಿದರೆ ಡಿಸ್‌ಪ್ಲೇ ಗಾಜು ಒಡೆಯುತ್ತದೆ. ಪೂರ್ತಿ ಹವಾ ಬಿಟ್ಟು, ಟೈರಿನ ಅಂಚನ್ನು ಎರಡೂ ಹೆಬ್ಬೆರಳಿಂದ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ ಸಡಿಲಿಸಿ. ಎರಡು ಲಿವರ್ ಹಾಕಿ ಒಂದು ಪಕ್ಕ ಮಾತ್ರ ಎತ್ತಿ, ಮುಳ್ಳಿದ್ದ ಕಡೆ ಗೇಣುದ್ದ ಟ್ಯೂಬು ಹೊರಗೆಳೆದು, ಕೆರೆದು, ಸೊಲ್ಯೂಶನ್ ಹಚ್ಚಿ ಐದು ನಿಮಿಷ ಒಣಗಿಸಿ ಪ್ಯಾಚ್ ಒತ್ತಿ. ಸೊಲ್ಯೂಶನ್ ಹಸಿ ಇರುವಾಗಲೇ ಒತ್ತಿದ ಪ್ಯಾಚು ಬೇಸಿಗೆಯ ರಸ್ತೆಯಲ್ಲಿ ಏಳುತ್ತದೆ.

ಟ್ಯೂಬನ್ನೇ ಬದಲಿಸಬೇಕಾದರೆ ಮೊದಲು ಗಾಡಿ ಬಂದ್ ಮಾಡಿ ಬ್ಯಾಟರಿ ತೆಗೆಯಿರಿ. ಮೋಟರಿನ ವೈರು ಚಾಸಿಯ ಹತ್ತಿರ ಒಂದು ದುಂಡು ಕನೆಕ್ಟರಿನಲ್ಲಿ ಕೂಡಿರುತ್ತದೆ. ಅದನ್ನು ನೇರ ಎಳೆಯಬೇಕು, ತಿರುಚಿದರೆ ಒಳಗಿನ ಸಣ್ಣ ಪಿನ್ನು ಬಾಗುತ್ತದೆ. ಬಿಚ್ಚುವ ಮೊದಲು ಎರಡೂ ತುಂಡಿನ ಮೇಲಿನ ಬಾಣದ ಗುರುತನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ಆಕ್ಸಲ್ಲಿನ ಎರಡೂ ಕಡೆಯ ನಟ್ಟು, ಹೆಚ್ಚಿನ ಗಾಡಿಗಳಿಗೆ 18ರ ಪಾನಾ. ವಾಷರುಗಳು ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ತಿರುಗಿ ಹಾಕಬೇಕು. ಅದರಲ್ಲೂ ಒಂದು ಕೊಂಡಿಯಿರುವ ವಾಷರು ಚಾಸಿಯ ಸೀಳಿನಲ್ಲಿ ಕೂರಲೇಬೇಕು. ಮೋಟರು ಚಕ್ರವನ್ನು ಮುಂದೆ ತಿರುಗಿಸುವಾಗ ಆಕ್ಸಲ್ಲನ್ನು ಹಿಂದಕ್ಕೆ ತಿರುಚುತ್ತದೆ, ಅದನ್ನು ತಡೆಯುವುದು ಈ ಕೊಂಡಿ. ಇದನ್ನು ಮರೆತರೆ ಅಥವಾ ನಟ್ಟು ಸಡಿಲ ಬಿಟ್ಟರೆ ಆಕ್ಸಲ್ಲು ಗರ್ರನೆ ತಿರುಗಿ ವೈರನ್ನೇ ಕತ್ತರಿಸುತ್ತದೆ. ರಿಪೇರಿಗಳಲ್ಲಿ ಇದು ಅತಿ ದುಬಾರಿಯ ತಪ್ಪು. ವೈರು ಆಕ್ಸಲ್ಲಿನಿಂದ ಹೊರಬರುವ ತುದಿ ಕೆಳಮುಖವಾಗಿರಲಿ, ಮಳೆ ನೀರು ತೊಟ್ಟಿಕ್ಕಿ ಹೋಗುತ್ತದೆ.

20 × 4.0 ಟ್ಯೂಬು ತಾಲ್ಲೂಕು ಊರುಗಳ ಸೈಕಲ್ ಅಂಗಡಿಯಲ್ಲಿ ಸಿಗುವ ಖಾತ್ರಿ ಇಲ್ಲ. ಗಾಡಿ ಕೊಳ್ಳುವ ದಿನವೇ ಎರಡು ಟ್ಯೂಬು ಕೊಂಡಿಡಿ. ದಾರಿಯಲ್ಲಿ ಕೈಕೊಟ್ಟರೆ ಒಂದು ಉಪಾಯವಿದೆ: ಸೈಕಲ್ಲಿನ 20 ಇಂಚಿನ ಈ ರಿಮ್ಮೂ ಮೋಟರ್‌ಸೈಕಲ್ ಲೆಕ್ಕದ 16 ಇಂಚಿನ ರಿಮ್ಮೂ ವ್ಯಾಸದಲ್ಲಿ ಒಂದೇ, ಸುಮಾರು 406 ಮಿ.ಮೀ. ಟಿವಿಎಸ್ ಎಕ್ಸೆಲ್‌ನ ಟೈರು 2.50-16. ಆ ಟ್ಯೂಬು ಯಾವ ಹಳ್ಳಿಯಲ್ಲೂ ಸಿಗುತ್ತದೆ. ಅಗಲ ಸಾಲದ್ದರಿಂದ ಹಿಗ್ಗಿ ತೆಳ್ಳಗಾಗುತ್ತದೆ. ವಾಲ್ವು ರಿಮ್ಮಿನ ತೂತಿನಲ್ಲಿ ಸರಿಯಾಗಿ ಕೂರುತ್ತದೆಯೇ ನೋಡಿ, ಊರು ಮುಟ್ಟುವಷ್ಟಕ್ಕೆ ಬಳಸಿ ಬದಲಿಸಿಬಿಡಿ.

ನೆಗ್ಗಿಲು ಮುಳ್ಳಿನಂಥ ಸಣ್ಣ ತೂತುಗಳಿಗೆ ಸೀಲೆಂಟ್ ದ್ರವ ಒಳ್ಳೆಯ ಮದ್ದು, ಚಕ್ರಕ್ಕೆ 150ರಿಂದ 200 ಮಿ.ಲೀ. ನಮ್ಮ ಬಿಸಿಲಿಗೆ ಅದು ಬೇಗ ಒಣಗುವುದರಿಂದ ವರ್ಷಕ್ಕೊಮ್ಮೆಯಾದರೂ ಮತ್ತೆ ಹಾಕಬೇಕು.

ಒಮ್ಮೆ ಚಾರ್ಜಿಗೆ ಎಷ್ಟು ದೂರ

ಬ್ಯಾಟರಿಯ ಮೇಲೆ ಎರಡು ಅಂಕಿ ಇರುತ್ತವೆ, ವೋಲ್ಟ್ ಮತ್ತು ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್. 36 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 360. ಹೆಸ್ಕಾಂ ಬಿಲ್ಲಿನ ಒಂದು ಯೂನಿಟ್ಟು 1000 ವ್ಯಾಟ್-ಅವರ್. ಚಾರ್ಜರಿನಲ್ಲಿ ಕಳೆಯುವುದನ್ನು ಸೇರಿಸಿದರೂ ಒಂದು ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟೂ ಬೇಕಿಲ್ಲ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯವರು ಮಾತ್ರ ತಿಂಗಳಿಗೆ ಎಷ್ಟು ಸಲ ಚಾರ್ಜು ಎಂದು ಒಮ್ಮೆ ಕೂಡಿ ನೋಡಲಿ.

ಸಮತಟ್ಟು ಡಾಂಬರಿನಲ್ಲಿ ಪೆಡಲ್ ತುಳಿಯುತ್ತ ಹೋದರೆ ಕಿ.ಮೀ.ಗೆ 8ರಿಂದ 12 ವ್ಯಾಟ್-ಅವರ್ ಖರ್ಚು. ಬರೀ ಥ್ರಾಟಲ್ ಮೇಲೆ ಕೂತು ಹೋದರೆ 15ರಿಂದ 20. ಅಂದರೆ 360ರ ಬ್ಯಾಟರಿ ತುಳಿದವರಿಗೆ 35 ಕಿ.ಮೀ. ಕೊಟ್ಟರೆ ತುಳಿಯದವರಿಗೆ 20ರ ಆಸುಪಾಸಿನಲ್ಲಿ ಮುಗಿಯುತ್ತದೆ. ಹಳೆ ಬಾಗಲಕೋಟೆಯಿಂದ ವಿದ್ಯಾಗಿರಿ ಮೇಲೆ ನವನಗರಕ್ಕೆ ದಿನಾ ಹೋಗಿಬರಲು ಹೇಗೆ ಓಡಿಸಿದರೂ ಸಾಕು. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ.; ಥ್ರಾಟಲ್ ನಂಬಿ ಹೊರಟರೆ ಹೋಗುವುದೇ ಕಷ್ಟ, ತಿರುಗಿ ಬರುವ ಮಾತು ಬೇರೆ. ಚಾರ್ಜರು ಜೊತೆಗಿರಬೇಕು, ಇಲ್ಲವೇ ಹೆಚ್ಚುವರಿ ಬ್ಯಾಟರಿ.

ಜಾಹೀರಾತಿನ ಅಂಕಿ ಕೆಡುವುದು ಎರಡು ಕಡೆ. ಒಂದು ಏರು. ಅದೇ 105 ಕೆ.ಜಿ.ಯನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು, ಮೋಟರಿನ ನಷ್ಟವನ್ನೂ ಹಿಡಿದು, ಸುಮಾರು 40 ವ್ಯಾಟ್-ಅವರ್ ಬೇಕು. ಎಳ್ಳೂರಿನ ರಾಜಹಂಸಗಡದಂಥ ಏರಿನಲ್ಲಿ 250 ವ್ಯಾಟಿನ ಮೋಟರು ಒಂಟಿಯಾಗಿ ಎಳೆಯಲಾರದು. ವೇಗ ಇಳಿದಷ್ಟೂ ಕರೆಂಟು ಚಲನೆಯಾಗುವ ಬದಲು ಕಾವಾಗುತ್ತದೆ. ಸಣ್ಣ ಗೇರಿಗೆ ಹಾಕಿ ತುಳಿಯಲೇಬೇಕು. ಹಬ್ಬು ಕೈ ಇಡಲಾಗದಷ್ಟು ಕಾದಿದ್ದರೆ ನಿಂತು ನೀರು ಕುಡಿಯಿರಿ. ಎರಡನೆಯದು ಮುಂಗಾರಿನ ಗಾಳಿ. ಎದುರುಗಾಳಿ ಗಂಟೆಗೆ 20 ಕಿ.ಮೀ. ಇದ್ದಾಗ 25ರ ವೇಗದಲ್ಲಿ ಗಾಳಿ ಸೀಳಲು ಬೇಕಾಗುವ ಶಕ್ತಿ ನಿಶ್ಚಲ ದಿನಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ವೇಗವನ್ನು 15ಕ್ಕೆ ಇಳಿಸುವುದೊಂದೇ ಇದಕ್ಕೆ ಪರಿಹಾರ.

ಬೇಸಿಗೆ ಮತ್ತು ಬ್ಯಾಟರಿ

ಲಿಥಿಯಂ ಬ್ಯಾಟರಿಗೆ ಕಾವು ಆಗಿಬರದು. 45 ಡಿಗ್ರಿ ದಾಟಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು. ಏಪ್ರಿಲ್-ಮೇ ತಿಂಗಳ ವಿಜಯಪುರದಲ್ಲಿ ಗಾಳಿಯೇ 40ರ ಮೇಲಿರುವಾಗ, ಬಿಸಿಲಲ್ಲಿ ನಿಂತ ಗಾಡಿಯ ಒಳಗಿನ ಬ್ಯಾಟರಿ ಅದಕ್ಕಿಂತ ಬಹಳ ಮೇಲಿರುತ್ತದೆ. ಮಧ್ಯಾಹ್ನ ಬಂದ ಕೂಡಲೇ ಪ್ಲಗ್ ಹಾಕದೆ, ಹೊರತೆಗೆದು ನೆಲದ ಮೇಲೆ ನೆರಳಲ್ಲಿ ಒಂದು ತಾಸು ಇಟ್ಟು, ಆಮೇಲೆ ಹಾಕಿ. ಪತ್ರಾಸಿನ ಶೆಡ್ಡು ಬ್ಯಾಟರಿಗೆ ಸಲ್ಲದ ಜಾಗ. ಚಾರ್ಜು ಮಾಡುವುದು ಹಾಸಿಗೆ, ಸೋಫಾ ಮೇಲಲ್ಲ; ಬಾಗಿಲಿಗೆ ಅಡ್ಡವಾಗಿಯೂ ಅಲ್ಲ.

36 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದಾಗ 42.0 ತೋರಿಸುತ್ತದೆ, 48ರದ್ದು 54.6. ಪ್ಲಗ್ಗಿನ ಆಕಾರ ಒಂದೇ ಎಂದು ಗೆಳೆಯನ ಚಾರ್ಜರು ಹಾಕುವ ಮೊದಲು ಅದರ ಮೇಲಿನ ಔಟ್‌ಪುಟ್ ಅಂಕಿ ಓದಿ. ತಪ್ಪಿದರೆ ಬೆಂಕಿಗೇ ಆಹ್ವಾನ. ತಿಂಗಳುಗಟ್ಟಲೆ ಓಡಿಸುವುದಿಲ್ಲವಾದರೆ ಅರ್ಧ ಚಾರ್ಜಿನಲ್ಲಿಡಿ. ಪೂರ್ತಿ ಖಾಲಿ ಬಿಟ್ಟ ಬ್ಯಾಟರಿ ಮಳೆಗಾಲ ಮುಗಿಯುವುದರೊಳಗೆ ಏಳದ ಹಾಗೆ ಮಲಗಿರುತ್ತದೆ.

ಮಡಚುವ ಕೀಲು

ಮಡಚುವಾಗ ಕ್ರಮ ಮುಖ್ಯ. ಗಾಡಿ ಬಂದ್ ಮಾಡಿ, ಪೆಡಲ್ ಮಡಚಿ, ಸೀಟು ಇಳಿಸಿ, ಹ್ಯಾಂಡಲ್ ಕಂಬದ ಲಿವರ್ ಬಿಚ್ಚಿ ಬಾಗಿಸಿ. ಕೊನೆಗೆ ಚಾಸಿಯ ನಡುವಿನ ಲಿವರು: ಮೊದಲು ಅದರ ಸಣ್ಣ ಭದ್ರತಾ ಕೊಂಡಿ ಸರಿಸಿ, ಆಮೇಲೆ ಲಿವರ್ ಎಳೆದು ಮಡಚಿ. ಹಲವು ಮಾದರಿಗಳಲ್ಲಿ ಬ್ಯಾಟರಿ ಚಾಸಿಯ ಕೊಳವೆಯೊಳಗೇ ಇದ್ದು, ಮಡಚಿದ ಮೇಲಷ್ಟೇ ಜಾರಿ ಹೊರಬರುತ್ತದೆ. ಬ್ರೇಕ್ ಕೇಬಲ್ಲು, ವೈರುಗಳು ಕೀಲಿನ ಬಾಯಿಗೆ ಸಿಗದಂತೆ ಒಂದು ಕೈಯಿಂದ ಸರಿಸಿಕೊಳ್ಳಿ. ಒಮ್ಮೆ ಸಿಕ್ಕು ಚಪ್ಪಟೆಯಾದ ವೈರು ಆರು ತಿಂಗಳ ನಂತರ, ಅದೂ ಮಳೆಯಲ್ಲಿ, ಕೈಕೊಡುತ್ತದೆ.

ಬಿಡಿಸಿದ ಮೇಲೆ ಲಿವರು ಅರ್ಧ ಮುಚ್ಚುವಾಗ ಬಿಗಿಯಾಗತೊಡಗಿ, ಪೂರ್ತಿ ಮುಚ್ಚಲು ಅಂಗೈಯಿಂದ ಒತ್ತಬೇಕಾಗುವಷ್ಟು ಗಟ್ಟಿ ಇರಬೇಕು. ಬೆರಳಲ್ಲೇ ಮುಚ್ಚಿದರೆ ಸಡಿಲ ಎಂದೇ ಅರ್ಥ. ಹೊಂದಾಣಿಕೆಯ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆಮುಂದೆ ಅಲ್ಲಾಡಿಸಿದಾಗ ‘ಟಕ್ ಟಕ್’ ಎಂದರೆ ಕೀಲಿನಲ್ಲಿ ಆಟ ಬಂದಿರಬಹುದು. ಪಿನ್ನು ಸವೆದಿದ್ದರೆ ಬೆಳಗಾವಿಯ ಉದ್ಯಮಬಾಗದ ಲೇಥ್ ಅಂಗಡಿಗಳಲ್ಲಿ ಅಳತೆಗೆ ಸರಿಯಾಗಿ ಹೊಸದನ್ನು ತಿರುವಿಸಬಹುದು. ಆದರೆ ವೆಲ್ಡಿಂಗ್ ಹತ್ತಿರ ಬಣ್ಣದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದಕ್ಕೆ ವೆಲ್ಡಿಂಗ್ ಮದ್ದಲ್ಲ. ಈ ಚಾಸಿಗಳ ಅಲ್ಯುಮಿನಿಯಂ ಮಿಶ್ರಲೋಹಕ್ಕೆ ಬಲ ಬರುವುದು ಕಾಯಿಸಿ ಹದಮಾಡುವುದರಿಂದ. ವೆಲ್ಡಿಂಗಿನ ಶಾಖಕ್ಕೆ ಸುತ್ತಲಿನ ಲೋಹ ಆ ಬಲ ಕಳೆದುಕೊಳ್ಳುತ್ತದೆ. ಬೆಸುಗೆ ನೋಡಲು ಚೆಂದ ಕಂಡರೂ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಚಾಸಿ ಬದಲಿಸಬೇಕು.

ಬ್ರೇಕು, ಸ್ಪೋಕು

ಹೊಸ ಗಾಡಿಯ ಹಿಂದಿನ ಸ್ಪೋಕುಗಳು ಮೊದಲ 100 ಕಿ.ಮೀ.ಯಲ್ಲಿ ಸಡಿಲಾಗುವುದು ಸಾಮಾನ್ಯ. ಆ ಹೊತ್ತಿಗೆ ಒಮ್ಮೆ ಔಟ್ ತೆಗೆಸಿದರೆ, ಅಂದರೆ ಸ್ಪೋಕು ಬಿಗಿಮಾಡಿಸಿ ಚಕ್ರದ ಓರೆ ತಿದ್ದಿಸಿದರೆ, ಮುಂದೆ ಮುರಿಯುವುದು ತಪ್ಪುತ್ತದೆ. ವಿಜಯಪುರ, ಬಾಗಲಕೋಟೆ ಸೈಕ್ಲಿಂಗ್ ಪಟುಗಳ ಜಿಲ್ಲೆಗಳು. ಔಟ್ ತೆಗೆಯುವ ಒಳ್ಳೆಯ ಕೈಗಳಿಗೆ ಇಲ್ಲಿ ಬರವಿಲ್ಲ. ಡಿಸ್ಕಿಗೆ ಚೈನ್ ಎಣ್ಣೆ ತಾಗಿದರೆ ಬ್ರೇಕು ಕಿರುಚುತ್ತದೆ, ಹಿಡಿಯುವುದಿಲ್ಲ. ಡಿಸ್ಕನ್ನು ಸ್ಪಿರಿಟ್‌ನಿಂದ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಸರಿ.

ಇದ್ದಕ್ಕಿದ್ದಂತೆ ನಿಂತರೆ

ಡಿಸ್‌ಪ್ಲೇಯೇ ಹತ್ತದಿದ್ದರೆ ಬ್ಯಾಟರಿ ಕಡೆ ನೋಡಿ: ಸ್ವಿಚ್ಚು, ಫ್ಯೂಸು, ಸಂಪರ್ಕದ ತಗಡುಗಳಲ್ಲಿ ಕಿಲುಬು. ಡಿಸ್‌ಪ್ಲೇ ಹತ್ತಿ ಮೋಟರು ಮಾತ್ರ ಸುಮ್ಮನಿದ್ದರೆ ಬ್ರೇಕ್ ಲಿವರ್ ಮೇಲೆ ಅನುಮಾನ. ಲಿವರಿನೊಳಗೆ ಮೋಟರ್ ನಿಲ್ಲಿಸುವ ಸ್ವಿಚ್ ಇದೆ. ಧೂಳು ಸೇರಿ ಲಿವರು ಪೂರ್ತಿ ಹಿಂದಕ್ಕೆ ಬಾರದಿದ್ದರೆ ‘ಬ್ರೇಕ್ ಹಿಡಿದಿದ್ದಾರೆ’ ಎಂದೇ ಕಂಟ್ರೋಲರ್ ತಿಳಿಯುತ್ತದೆ. ಎರಡೂ ಲಿವರನ್ನು ಹೊರಕ್ಕೆ ತಳ್ಳಿದರೆ ಎಷ್ಟೋ ಗಾಡಿಗಳು ಅಲ್ಲೇ ಏಳುತ್ತವೆ. ಮೋಟರು ನಡುಗುತ್ತ ಗುರುಗುಟ್ಟಿದರೆ ಹಿಂಚಕ್ರದ ಕನೆಕ್ಟರ್ ಸಡಿಲಾಗಿದೆ ಅಥವಾ ಮೋಟರು ಎಲ್ಲಿಗೆ ತಿರುಗಿದೆ ಎಂದು ಕಂಟ್ರೋಲರಿಗೆ ತಿಳಿಸುವ ಒಳಗಿನ ಹಾಲ್ ಸೆನ್ಸರ್ ಹೋಗಿದೆ. ಏರಿನಲ್ಲಿ ಮಾತ್ರ ಆರಿ, ಬಂದ್ ಮಾಡಿ ಹಚ್ಚಿದರೆ ಮತ್ತೆ ಹೊರಡುತ್ತಿದ್ದರೆ ಬ್ಯಾಟರಿಯ ಒಂದು ಸಾಲಿನ ಸೆಲ್ಲುಗಳು ಸೋತಿವೆ. ಒಳಗಿನ ಕಾವಲು ಸರ್ಕ್ಯೂಟು, ಅಂದರೆ ಬಿಎಂಎಸ್, ಅವುಗಳನ್ನು ಉಳಿಸಲು ಕರೆಂಟು ಕಡಿಯುತ್ತಿದೆ. ಅದನ್ನು ಬಿಚ್ಚುವುದು ಸೈಕಲ್ ಅಂಗಡಿಯ ಕೆಲಸವಲ್ಲ.

ಮಡಚಿ ಕಾರಿನಲ್ಲಿ ಒಯ್ಯುವವರು ಹಿಂದಿನ ಸೀಟು ಬಾಗಿಸಿಯೇ ಒಳಗಿಡಬೇಕಾದೀತು. ಮಡಚಿದ ಮೇಲೂ ಉದ್ದ 90ರಿಂದ 100 ಸೆಂ.ಮೀ., ಸಣ್ಣ ಕಾರಿನ ಡಿಕ್ಕಿಗೆ ಹಿಡಿಸದು. ಚೈನು-ಗೇರಿನ ಪಕ್ಕ ಮೇಲೆ ಬರಲಿ, ಬ್ಯಾಟರಿ ಬೇರೆಯಾಗಿರಲಿ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನದಲ್ಲಿ ಒಯ್ಯುವ ಯೋಚನೆ ಇದ್ದರೆ ಅದು ಆಗದ ಮಾತು: ವಿಮಾನದಲ್ಲಿ ಪ್ರಯಾಣಿಕರು 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿ ಒಯ್ಯುವಂತಿಲ್ಲ, ಈ ವರ್ಗದ ಅತಿ ಸಣ್ಣ ಬ್ಯಾಟರಿಯೂ ಅದನ್ನು ದಾಟುತ್ತದೆ.